ಮುಂದೆ ನಡೆಯುವ ಬೇಸ್: ಸಾವೊ ಪೌಲೊದ ಆಸ್ ಮೆರ್ಸೆನಾರಿಯಾಸ್

ಆಸ್ ಮೆರ್ಸೆನಾರಿಯಾಸ್ ಎಂಬ ಬ್ರೆಜಿಲ್ ಬ್ಯಾಂಡಿನ ಹಾಡುಗಳನ್ನು ಮೊದಲ ಸಲ ಕೇಳಿದವರ ಬಾಯಲ್ಲಿ ಸಾಮಾನ್ಯವಾಗಿ ಬರುವುದು ಒಂದೇ ಮಾತು: ಎಂಥ ಕಾವು, ಎಂಥ ರಭಸ! ಮಾತು ನಿಜ. ಆದರೆ ಆ ರಭಸ ಸುಮ್ಮನೆ ಹುಚ್ಚೆದ್ದು ಬಾರಿಸಿದ್ದರಿಂದ ಬಂತು ಅಂದುಕೊಂಡರೆ ಈ ನಾಲ್ವರು ಹೆಣ್ಣುಮಕ್ಕಳು ಮಾಡಿದ ಕೆಲಸದ ಮುಕ್ಕಾಲು ಪಾಲು ನಮ್ಮ ಕಿವಿಗೆ ಬೀಳದೇ ಹೋಗುತ್ತದೆ. ಒಂದೊಂದು ವಾದ್ಯವನ್ನೂ ಬೇರೆಯಾಗಿ ಹಿಡಿದು ಕೇಳಿ. ಯಾರೂ ಹೆಚ್ಚು ನುಡಿಸುತ್ತಿಲ್ಲ. ಗಿಟಾರಿನಲ್ಲಿ ಎರಡು ಮೂರು ತಂತಿ, ಡ್ರಮ್ಸ್‌ನಲ್ಲಿ ಒಂದೇ ನಡೆ, ದನಿಯಲ್ಲಿ ಅಲಂಕಾರವೆಂಬುದೇ ಇಲ್ಲ. ಇವೆಲ್ಲದರ ಮುಂದೆ ದಾರಿ ತೋರಿಸುತ್ತಾ ಹೋಗುವುದು ಬೇಸ್ ಗಿಟಾರ್. ಕಸುವು ಇರುವುದು ಅವರು ನುಡಿಸದೆ ಬಿಟ್ಟ ಜಾಗದಲ್ಲಿ. ಆ ಜಾಗ ಹೇಗೆ ಸಿಗುತ್ತದೆ, ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ವಾದ್ಯದ ಮಟ್ಟಕ್ಕೆ ಇಳಿದು ನೋಡುವುದೇ ಈ ಬರಹದ ಕೆಲಸ.

ಮೊದಲು ಬ್ಯಾಂಡಿನ ಪರಿಚಯ. 1980ರ ದಶಕದ ಆರಂಭದಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಲಯದಿಂದ ಎದ್ದು ಬಂದ ತಂಡ ಇದು. ಬೇಸ್‌ನಲ್ಲಿ ಸಾಂಡ್ರಾ ಕೋಟಿನ್ಯೊ, ಹಾಡಲು ರೊಸಾಲಿಯಾ ಮುನ್ಯೋಸ್, ಗಿಟಾರಿನಲ್ಲಿ ಆನಾ ಮಶಾದೊ. ಮೊದಮೊದಲು ಡ್ರಮ್ಸ್ ಬಾರಿಸುತ್ತಿದ್ದವರು ಒಬ್ಬ ಗಂಡಸು, ಎಡ್ಗಾರ್ ಸ್ಕಾಂಡುರಾ. ಇವರು 'ಇರಾ!' ಎಂಬ ಬ್ಯಾಂಡಿನ ಗಿಟಾರ್ ವಾದಕರಾಗಿ ಮುಂದೆ ದೇಶಕ್ಕೆಲ್ಲ ಗೊತ್ತಾದರು. ಅವರ ಜಾಗಕ್ಕೆ ಲೂ ಬಂದ ಮೇಲೆ ತಂಡ ಪೂರ್ತಿ ಹೆಣ್ಣುಮಕ್ಕಳದಾಯಿತು. 1986ರಲ್ಲಿ ಬರಾಟೋಸ್ ಅಫಿನ್ಸ್ ಎಂಬ ಸಣ್ಣ ಕಂಪನಿಯಿಂದ 'ಕಡೇ ಆಸ್ ಅರ್ಮಾಸ್?' ಬಂತು, ಅಂದರೆ 'ಆಯುಧಗಳೆಲ್ಲಿ?'. 1988ರಲ್ಲಿ ದೊಡ್ಡ ಕಂಪನಿಯಾದ ಇಎಂಐನಿಂದ 'ಟ್ರ್ಯಾಶ್‌ಲ್ಯಾಂಡ್' ಬಂತು. ಆ ಕಾಲದಲ್ಲಿ ಅವರು ಹೊರತಂದ ಪೂರ್ಣ ಆಲ್ಬಮ್‌ಗಳು ಈ ಎರಡೇ.

ಕಾಲವನ್ನು ಬಿಟ್ಟು ಈ ಸಂಗೀತ ಅರ್ಥವಾಗುವುದಿಲ್ಲ. 1964ರಲ್ಲಿ ಬ್ರೆಜಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1968ರ ಡಿಸೆಂಬರ್‌ನಲ್ಲಿ ಬಂದ ಐದನೇ ಸಾಂಸ್ಥಿಕ ಕಾಯಿದೆ ಸಂಸತ್ತಿಗೆ ಬೀಗ ಹಾಕಿ, ಪತ್ರಿಕೆ, ನಾಟಕ, ಹಾಡು ಎಲ್ಲದರ ಮೇಲೂ ಸೆನ್ಸಾರ್ ಹೇರಿತು. ಸಾವೊ ಪೌಲೊದ ಅಂಚಿನ ಕೈಗಾರಿಕಾ ಪಟ್ಟಣಗಳಲ್ಲಿ 1978ರಿಂದ 1980ರವರೆಗೆ ಲೋಹದ ಕಾರ್ಖಾನೆಗಳ ಕಾರ್ಮಿಕರು ಒಂದಾದ ಮೇಲೊಂದು ಮುಷ್ಕರ ಹೂಡಿದರು. ನಗರದ ಪಂಕ್ (ಒರಟು, ವೇಗದ, ಸಿಟ್ಟಿನ ರಾಕ್) ಹುಡುಗರಲ್ಲಿ ಎಷ್ಟೋ ಮಂದಿ ಬಂದದ್ದು ಅದೇ ಪಟ್ಟಣಗಳಿಂದ, ಅದೇ ಕಾರ್ಮಿಕ ಬಡಾವಣೆಗಳಿಂದ. 1982ರ ನವೆಂಬರ್‌ನಲ್ಲಿ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ಹಳೆಯ ಕಾರ್ಖಾನೆಯೊಂದನ್ನು ಮಾರ್ಪಡಿಸಿ ಕಟ್ಟಿದ ಸೆಸ್ಕ್ ಪೊಂಪೇಯಾ ಎಂಬ ಸಾಂಸ್ಕೃತಿಕ ಕೇಂದ್ರದಲ್ಲಿ ಎರಡು ದಿನದ ಪಂಕ್ ಉತ್ಸವ ನಡೆಯಿತು. ಅದರ ಹೆಸರೇ 'ಲೋಕದ ಕೊನೆಯ ಆರಂಭ'. 1984ರಲ್ಲಿ ಅಧ್ಯಕ್ಷರನ್ನು ನಾವೇ ಆರಿಸುತ್ತೇವೆ ಎಂದು ಲಕ್ಷಗಟ್ಟಲೆ ಜನ ಬೀದಿಗಿಳಿದರು. ಫಲ ಸಿಗಲಿಲ್ಲ, ಆಯ್ಕೆ ಪರೋಕ್ಷವಾಗಿಯೇ ನಡೆಯಿತು. 1985ರಲ್ಲಿ ಆಯ್ಕೆಯಾದ ಟಾಂಕ್ರೆದೊ ನೆವೆಸ್ ಅಧಿಕಾರಕ್ಕೆ ಬರುವ ಮೊದಲೇ ತೀರಿಕೊಂಡರು. ಹೊಸ ಸಂವಿಧಾನ ಬಂದು ಸೆನ್ಸಾರ್ ಕೊನೆಗೊಂಡದ್ದು 1988ರಲ್ಲಿ. ಆಸ್ ಮೆರ್ಸೆನಾರಿಯಾಸ್ ಹಾಡಿದ್ದೆಲ್ಲ ಹೆಚ್ಚುಕಡಿಮೆ ಇದೇ ನಡುಗಾಲದಲ್ಲಿ: ಸೈನ್ಯ ಹೊರಟಿದೆ ಅನ್ನುತ್ತಾರೆ, ಆದರೆ ಪೊಲೀಸರು ಅವರೇ, ಕಾನೂನು ಅದೇ, ಹಣದುಬ್ಬರ ವರ್ಷಕ್ಕೆ ಶೇಕಡ 200 ದಾಟಿದೆ.

ವಾದ್ಯಗಳ ಸಂಗತಿಯೂ ಇದಕ್ಕೇ ಕೂಡಿಕೊಳ್ಳುತ್ತದೆ. 1990ರವರೆಗೂ ಬ್ರೆಜಿಲ್ ವಿದೇಶಿ ಸಾಮಾನಿನ ಆಮದಿಗೆ ಬಿಗಿ ಕಡಿವಾಣ ಹಾಕಿತ್ತು. ಅಮೆರಿಕದ ಫೆಂಡರ್ ಅಥವಾ ಗಿಬ್ಸನ್ ಗಿಟಾರ್ ಬೇಕಾದರೆ ಮೂಲ ಬೆಲೆಯ ಎಷ್ಟೋ ಪಟ್ಟು ತೆರಬೇಕು, ಇಲ್ಲವೇ ವಿದೇಶಕ್ಕೆ ಹೋಗಿಬರುವವರ ಕೈಯಲ್ಲಿ ತರಿಸಿಕೊಳ್ಳಬೇಕು. ಸಾಮಾನ್ಯರ ಕೈಗೆ ಸಿಗುತ್ತಿದ್ದದ್ದು ಜಿಯಾನಿನಿಯಂಥ ದೇಶಿ ಕಂಪನಿಗಳ ವಾದ್ಯ. ಇಂಥ ಅಗ್ಗದ ವಾದ್ಯಗಳಲ್ಲಿ ಆಗುವ ತೊಂದರೆಗಳು ಎಲ್ಲ ದೇಶದಲ್ಲೂ ಒಂದೇ ಥರ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಬಡಕಲು, ಆದ್ದರಿಂದ ದನಿ ತೆಳು. ಕುತ್ತಿಗೆ ಬಾಗಿದ್ದು ಹನ್ನೆರಡನೇ ಫ್ರೆಟ್ (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಹತ್ತಿರ ಶ್ರುತಿ ಜಾರುತ್ತದೆ. ದನಿ ಹಿಗ್ಗಿಸುವ ಆಂಪ್ ಸಣ್ಣದಾಗಿದ್ದು ಡ್ರಮ್ಸ್ ಎದುರು ನಿಲ್ಲಲು ಪೂರ್ತಿ ತಿರುಗಿಸಬೇಕು, ಆಗ ಸ್ಪೀಕರು ತಾನಾಗಿ ಒಡೆದ ದನಿ ಕೊಡುತ್ತದೆ. ಇಂಥ ವಾದ್ಯದಲ್ಲಿ ದಪ್ಪ ದನಿಯ ರಾಕ್ ನುಡಿಸಲು ಹೊರಟರೆ ಕೇಳಲು ಬಡವಾಗುತ್ತದೆ. ಅದೇ ತೆಳ್ಳನೆಯ, ಚೂಪಾದ, ಅರೆ ಒಡಕು ದನಿಯನ್ನು ಬೇಕೆಂದೇ ಮುಂದಿಟ್ಟುಕೊಂಡರೆ? ಪಂಕ್‌ನ ಬೆನ್ನಿಗೇ ಹುಟ್ಟಿದ ಪೋಸ್ಟ್-ಪಂಕ್ ಮಾಡಿದ್ದು ಇದನ್ನೇ. ಇಂಗ್ಲೆಂಡಿನ ಬ್ಯಾಂಡುಗಳು ಆಯ್ಕೆ ಮಾಡಿ ತಲುಪಿದ ದನಿಗೆ ಸಾವೊ ಪೌಲೊದವರು ಆಯ್ಕೆ ಮತ್ತು ಅನಿವಾರ್ಯ ಎರಡೂ ಸೇರಿ ತಲುಪಿದರು.

ಈಗ ಬೇಸ್. ಸಾಮಾನ್ಯ ರಾಕ್ ಹಾಡಿನಲ್ಲಿ ಬೇಸ್ ಗಿಟಾರಿನ ನೆರಳು. ಗಿಟಾರ್ ಯಾವ ಸ್ವರದ ಮೇಲೆ ನಿಂತಿದೆಯೋ ಅದರ ಕೆಳಗಿನ ಸ್ವರ ಹಿಡಿದು ನಡೆಯುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು. ಹಾಡಿನ ಗುರುತು ಸಿಗುವುದೇ ಬೇಸ್ ಗೆರೆಯಿಂದ. 'ಮೆ ಪೆರ್ಕು ನೆಸ್ಸಿ ತೆಂಪು' ಎಂಬ ಅವರ ಹೆಸರಾಂತ ಹಾಡನ್ನು ಒಮ್ಮೆ ಕೇಳಿ ಆಮೇಲೆ ಗುನುಗಲು ನೋಡಿ, ನಾಲಿಗೆಗೆ ಬರುವುದು ಸಾಂಡ್ರಾ ನುಡಿಸಿದ್ದು. ಇಂಥ ಬೇಸ್ ನುಡಿಸಲು ಮೂರು ವಿಷಯ ಗಮನಿಸಬೇಕು.

ಒಂದು, ಎತ್ತರ. ಬೇಸ್‌ನ ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಬರುವ ಕಂಪನ ಸೆಕೆಂಡಿಗೆ ಸುಮಾರು 41. ಸಣ್ಣ ಸ್ಪೀಕರಿನಲ್ಲಿ, ಅಗ್ಗದ ಟೇಪ್ ರೆಕಾರ್ಡರಿನಲ್ಲಿ, ಮೊಬೈಲಿನಲ್ಲಿ ಆ ಮೂಲ ಕಂಪನ ಕೇಳಿಸುವುದೇ ಇಲ್ಲ. ತೆಳುವಾದ ಎರಡು ತಂತಿಗಳಿಗೆ ಬಂದು ಏಳನೇ ಫ್ರೆಟ್ ಆಸುಪಾಸಿನಲ್ಲಿ ನುಡಿಸಿದರೆ ಕಂಪನ 110ರಿಂದ 147ರವರೆಗೆ ಏರುತ್ತದೆ. ಅಲ್ಲಿ ಬೇಸ್ ಹಾಡಲು ಶುರುಮಾಡುತ್ತದೆ, ರಾಗದ ಗೆರೆಯಾಗಿ ಕಿವಿಗೆ ಸಿಗುತ್ತದೆ. ಕೆಳಗಿನ ತಂತಿಯನ್ನು ಪೂರ್ತಿ ಬಿಟ್ಟುಬಿಟ್ಟರೆ ಹಾಡಿಗೆ ನೆಲವಿಲ್ಲದಂತಾಗುತ್ತದೆ. ಆದ್ದರಿಂದ ನಾಲ್ಕೋ ಎಂಟೋ ಸುತ್ತಿಗೊಮ್ಮೆ ಕೆಳಗಿಳಿದು ಒಂದು ಏಟು ಕೊಟ್ಟು ಮೇಲೆ ಬರಬೇಕು.

ಎರಡು, ಮೀಟುವ ಬಗೆ. ಬೆರಳಿನಿಂದ ಮೀಟಿದರೆ ಅಂಚು ದುಂಡಗಾಗುತ್ತದೆ. ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಬೇಕು, ಅದೂ 0.88ರಿಂದ 1 ಮಿಲಿಮೀಟರ್ ದಪ್ಪದ್ದು. ತೆಳು ಪಿಕ್ ಬಾಗಿ ತಡವಾಗಿ ಬಿಡುತ್ತದೆ, ಲಯ ಮೆತ್ತಗಾಗುತ್ತದೆ. ಎಲ್ಲ ಏಟೂ ಮೇಲಿನಿಂದ ಕೆಳಕ್ಕೆ ಬೀಳಬೇಕು. ನಿಮಿಷಕ್ಕೆ 170 ಬಡಿತದ ವೇಗದಲ್ಲಿ ಒಂದು ಬಡಿತಕ್ಕೆ ಎರಡರಂತೆ ನುಡಿಸಿದರೆ ನಿಮಿಷಕ್ಕೆ 340 ಏಟು, ಸೆಕೆಂಡಿಗೆ ಹೆಚ್ಚುಕಡಿಮೆ ಆರು. ಎರಡು ನಿಮಿಷದ ಹಾಡಿಗೆ 680 ಏಟು. ಮೇಲೆ ಕೆಳಗೆ ಎರಡೂ ಕಡೆ ಮೀಟಿದರೆ ಕೈಗೆ ಸುಲಭ, ಆದರೆ ಮೇಲ್ಮುಖದ ಏಟು ಯಾವಾಗಲೂ ಸ್ವಲ್ಪ ಹಗುರ. ಹಾಡು ಕುದುರೆಯ ನಡೆಯಂತೆ ಏರಿಳಿಯತೊಡಗುತ್ತದೆ. ಒಂದೇ ದಿಕ್ಕಿನ ಏಟಿನಲ್ಲಿ ಎಲ್ಲ ಸ್ವರಕ್ಕೂ ಒಂದೇ ತೂಕ. ಕೇಳುವವರ ಎದೆಯ ಮೇಲೆ ಒತ್ತಡ ಕೂರುವುದು ಆ ಸಮತೂಕದಿಂದ. ಕೈ ಸೋಲುವುದು ಮೊಳಕೈಯಿಂದ ಬಾರಿಸುವವರಿಗೆ. ಚಲನೆ ಮಣಿಕಟ್ಟಿನಲ್ಲಿರಬೇಕು, ಪಿಕ್ ಹೊರಗೆ ಕಾಣುವುದು ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚಿರಬಾರದು. ನೋವು ಬಂದರೆ ನಿಲ್ಲಿಸಬೇಕು. 130ರಲ್ಲಿ ಶುರು ಮಾಡಿ ವಾರಕ್ಕೆ ಐದು ಬಡಿತದಂತೆ ಏರಿಸಿದರೆ ಎರಡು ತಿಂಗಳಲ್ಲಿ ಈ ವೇಗ ಕೈಗೆ ಬರುತ್ತದೆ.

ಮೂರು, ಆಂಪ್. ಹೊಸಬರು ಬೇಸ್ ಕೇಳಿಸುತ್ತಿಲ್ಲವೆಂದು ಬೇಸ್ ಗುಂಡಿಯನ್ನೇ ತಿರುಗಿಸುತ್ತಾರೆ. ಕೋಣೆ ಗುಂಯ್‌ಗುಡುತ್ತದೆ, ಸ್ವರ ಇನ್ನಷ್ಟು ಮುಳುಗುತ್ತದೆ. 200ರಿಂದ 300 ಹರ್ಟ್ಸ್ ಭಾಗವನ್ನು ಸ್ವಲ್ಪ ತಗ್ಗಿಸಿ, 800ರಿಂದ 1500ರವರೆಗಿನ ನಡುಭಾಗವನ್ನು ಏರಿಸಬೇಕು. ಪಿಕ್ ತಂತಿಗೆ ತಾಗುವ ಸದ್ದು ಇರುವುದು ಅಲ್ಲೇ. ತಂತಿಯ ಕೆಳತುದಿ ಕೂರುವ ಬ್ರಿಡ್ಜ್ ಕಡೆಗೆ ಕೈ ಸರಿಸಿ ಮೀಟಿದರೆ ಅರ್ಧ ಕೆಲಸ ಆಂಪ್ ಮುಟ್ಟದೆಯೇ ಆಗುತ್ತದೆ. ತಂತಿ ಸುರುಳಿ ಸುತ್ತಿದ ಒರಟು ಮೈಯದ್ದಾಗಿರಲಿ, ಹಳತಾಗಿ ಜಿಡ್ಡು ಹಿಡಿದಿದ್ದರೆ ಹೊಸತು ಹಾಕಿ. ತಂತಿಗೆ ಕಾಸಿಲ್ಲದಿದ್ದರೆ ಬಿಚ್ಚಿ ಒಂದು ರಾತ್ರಿ ಸ್ಪಿರಿಟ್‌ನಲ್ಲಿ ನೆನೆಹಾಕಿ, ಒರೆಸಿ, ಒಣಗಿಸಿ ಮತ್ತೆ ಕಟ್ಟಬಹುದು. ಕೆಲವು ದಿನದ ಮಟ್ಟಿಗೆ ಹೊಳಪು ಮರಳುತ್ತದೆ.

ಸಾಂಡ್ರಾ ಅದೇ ಕಾಲದಲ್ಲಿ ಸ್ಮ್ಯಾಕ್ ಎಂಬ ಇನ್ನೊಂದು ಬ್ಯಾಂಡಿಗೂ ಬೇಸ್ ನುಡಿಸುತ್ತಿದ್ದರು. ಅಲ್ಲಿ ಗಿಟಾರ್ ಹಿಡಿದಿದ್ದವರು ಇದೇ ಸ್ಕಾಂಡುರಾ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿದರೆ ಸಾವೊ ಪೌಲೊದ ಆ ಪೀಳಿಗೆ ಬೇಸ್‌ಗೆ ಕೊಟ್ಟ ಮರ್ಯಾದೆ ತಿಳಿಯುತ್ತದೆ.

ಬೇಸ್ ಮೇಲೇರಿ ನಡುಭಾಗವನ್ನು ಹಿಡಿದುಕೊಂಡ ಮೇಲೆ ಗಿಟಾರಿಗೆ ಉಳಿಯುವುದು ಮೇಲಿನ ತುದಿ. ಆನಾ ಮಶಾದೊ ಅವರ ಗಿಟಾರ್ ಕೀರುತ್ತದೆ, ಕೆರೆಯುತ್ತದೆ, ತುಂಡುತುಂಡಾಗಿ ಬಂದು ಹೋಗುತ್ತದೆ. ಆರೂ ತಂತಿ ಸೇರಿಸಿ ಬಾರಿಸುವ ದಪ್ಪ ಸ್ವರಗುಚ್ಛ (ಕಾರ್ಡ್) ಇಲ್ಲಿ ಬಂದರೆ ಬೇಸ್ ಸತ್ತುಹೋಗುತ್ತದೆ, ಎರಡೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಆದ್ದರಿಂದ ಮೇಲಿನ ಎರಡು ಮೂರು ತಂತಿ ಸಾಕು. ಒಂದಕ್ಕೊಂದು ಅರ್ಧ ಸ್ವರದ ಅಂತರದಲ್ಲಿ ಉಜ್ಜುವ ಜೋಡಿ ಸಿಕ್ಕರೆ ಇನ್ನೂ ಒಳ್ಳೆಯದು. ಉದಾಹರಣೆಗೆ ತೀರಾ ತೆಳು ತಂತಿಯನ್ನು ಒತ್ತದೆ ಬಿಟ್ಟು, ಅದರ ಪಕ್ಕದ ತಂತಿಯನ್ನು ನಾಲ್ಕನೇ ಅಥವಾ ಆರನೇ ಫ್ರೆಟ್‌ನಲ್ಲಿ ಹಿಡಿದು ಎರಡನ್ನೂ ಒಟ್ಟಿಗೆ ಕೆರೆಯಿರಿ. ನೆಮ್ಮದಿ ಕೆಡಿಸುವ ಆ ಸದ್ದು ದನಿಯನ್ನು ಬೇಕೆಂದೇ ಒಡೆಯುವ ಡಿಸ್ಟಾರ್ಷನ್ ಪೆಡಲಿನಿಂದ ಬರುವುದಲ್ಲ. ಬ್ರಿಡ್ಜ್ ಪಿಕಪ್, ಟ್ರೆಬಲ್ 7, ಮಿಡ್ 5, ಬೇಸ್ 2, ಗೇನ್ (ಆಂಪ್‌ನೊಳಕ್ಕೆ ಹೋಗುವ ದನಿಯ ಬಲ) 3ರ ಸುತ್ತ ಶುರು ಮಾಡಿ. ಜೋರಾಗಿ ಬಾರಿಸಿದಾಗ ಮಾತ್ರ ದನಿ ಒಡೆಯಬೇಕು, ಹಗುರವಾಗಿ ಬಾರಿಸಿದರೆ ಸ್ವಚ್ಛವಾಗಿರಬೇಕು.

ಇಲ್ಲಿ ಎಲ್ಲರೂ ಎಡವುತ್ತಾರೆ. ಹೆಚ್ಚು ಡಿಸ್ಟಾರ್ಷನ್ ಎಂದರೆ ಹೆಚ್ಚು ಕಸುವು ಅನ್ನುವುದು ತಪ್ಪು ಲೆಕ್ಕ. ಡಿಸ್ಟಾರ್ಷನ್ ಮೆಲ್ಲನೆಯ ಏಟನ್ನು ಮೇಲೆತ್ತಿ, ಜೋರಾದ ಏಟನ್ನು ಕತ್ತರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಕೈಯಲ್ಲಿನ ಸಿಟ್ಟು ಸ್ಪೀಕರಿಗೆ ತಲುಪುವುದೇ ಇಲ್ಲ. ಕಡಿಮೆ ಗೇನ್‌ನಲ್ಲಿ ವಾದಕಿಯ ಕೈ ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದು ಕೂಡ ಕೇಳುತ್ತದೆ. ಜೊತೆಗೆ ನಿಲ್ಲಿಸುವ ಕೈಯೂ ನುಡಿಸುವ ಕೈಯಷ್ಟೇ ಮುಖ್ಯ. ತಂತಿಯ ಮೇಲೆ ಎಡಗೈ ಬೆರಳು ಸುಮ್ಮನೆ ತಾಗಿಸಿದರೆ ಸ್ವರ ಹೋಗಿ ಬರಿ ಕೆರೆತದ ಸದ್ದು ಉಳಿಯುತ್ತದೆ. ನಾಲ್ಕು ಏಟಿನಲ್ಲಿ ಮೂರು ಹೀಗೆ ಸತ್ತ ಏಟು, ಒಂದು ಜೀವಂತ ಏಟು ಅಂತ ಹಂಚಿದರೆ ಗಿಟಾರ್ ಡ್ರಮ್ಸ್‌ಗೆ ಹತ್ತಿರದ ನೆಂಟನಾಗುತ್ತದೆ.

ಡ್ರಮ್ಸ್‌ನ ಸಂಗತಿ ತಾಳದಂಥ ಲೋಹದ ತಟ್ಟೆಯಾದ ಸಿಂಬಲ್‌ನಿಂದಲೇ ಶುರು. ಸಿಂಬಲ್‌ನ ಸದ್ದು 3,000ದಿಂದ 10,000 ಹರ್ಟ್ಸ್‌ವರೆಗೆ ಹರಡಿಕೊಳ್ಳುತ್ತದೆ. ಹಾಡುವವರ ಸ, ಶ, ಟ, ಕ ಎಲ್ಲ ಕೇಳಿಸಬೇಕಾದದ್ದು ಅಲ್ಲೇ, ಗಿಟಾರಿನ ಚೂಪೂ ಅಲ್ಲೇ. ಪ್ರತಿ ಸುತ್ತಿನ ಮೊದಲ ಬಡಿತಕ್ಕೂ ಕ್ರ್ಯಾಶ್ ಎಂಬ ಜೋರು ಸಿಂಬಲ್ ಬಾರಿಸುವ ಅಭ್ಯಾಸ ಇರುವವರು ಕೂತರೆ ಮಾತು ಮುಚ್ಚಿಹೋಗುತ್ತದೆ, ಹಾಡುವವರು ಇನ್ನಷ್ಟು ಕಿರುಚುತ್ತಾರೆ, ಗಂಟಲು ಕಟ್ಟುತ್ತದೆ. ಇದಕ್ಕೆ ನೇರ ಪರಿಹಾರ: ಅಭ್ಯಾಸದ ಕೋಣೆಯಲ್ಲಿ ಎರಡು ವಾರ ಕ್ರ್ಯಾಶ್ ಸಿಂಬಲ್‌ಗಳನ್ನು ಬಿಚ್ಚಿಡಿ. ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ ಜಾಗದಲ್ಲಿ ಬಲಗೈಯನ್ನು ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮಾದ ಫ್ಲೋರ್ ಟಾಮ್ ಮೇಲೆ ಓಡಿಸಿ. ಆಗ ಹಾಡಿಗೆ ಮೆರವಣಿಗೆಯ ತೂಕ ಬರುತ್ತದೆ. ಟಾಮ್‌ನ ಸದ್ದು ಎಳೆದುಕೊಂಡು ಹೋದರೆ ಬೇಸ್ ಮೇಲೆ ಕವಿಯುತ್ತದೆ, ಚರ್ಮದ ಅಂಚಿಗೆ ಮಡಚಿದ ಬಟ್ಟೆ ಅಂಟಿಸಿದರೆ ಸಾಕು. ಚಟ್ಟೆಂದು ಸದ್ದು ಮಾಡುವ ಚಿಕ್ಕ ಡ್ರಮ್ಮಾದ ಸ್ನೇರ್ ಮಾತ್ರ ಬಿಗಿಯಾಗಿ, ಒಣಗಿದ ಸದ್ದಿನಲ್ಲಿರಲಿ.

ವೇಗದ ವಿಷಯದಲ್ಲಿ ಒಂದು ಮಾತು. ಬಡಿತ ಎಣಿಸಿಕೊಡುವ ಕ್ಲಿಕ್ ಟ್ರ್ಯಾಕ್ ಕಿವಿಗೆ ಹಾಕಿಕೊಂಡು ಇಂಥ ಹಾಡು ನುಡಿಸಬೇಡಿ. ಪಲ್ಲವಿಗೆ ಬಂದಾಗ ಮೂರು ನಾಲ್ಕು ಬಡಿತ ಮೇಲೇರುವುದು ಇಲ್ಲಿ ದೋಷವಲ್ಲ, ಅದು ಹಾಡಿನ ಉಸಿರು. ಕೆಡುವುದು ಎಲ್ಲೆಂದರೆ ತಿರುವಿನಲ್ಲಿ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಡ್ರಮ್ಸ್‌ನವರು ಸರಸರನೆ ಟಾಮ್‌ಗಳ ಮೇಲೆ ಕೈ ಓಡಿಸುತ್ತಾರಲ್ಲ, ಅಲ್ಲಿ ಅರ್ಧ ಬಡಿತ ನುಂಗಿಹೋಗುತ್ತದೆ, ಬೇಸ್ ಹಿಂದುಳಿಯುತ್ತದೆ. ತಿರುವನ್ನೇ ತೆಗೆದುಬಿಡಿ. ಅದರ ಜಾಗದಲ್ಲಿ ಒಂದೇ ಸ್ನೇರ್ ಏಟು, ಇಲ್ಲವೇ ಏನೂ ಇಲ್ಲ. ಸ್ಕಾಂಡುರಾ ಮೂಲತಃ ಗಿಟಾರ್ ವಾದಕರಾಗಿದ್ದರಿಂದ ಡ್ರಮ್ಸ್‌ನಲ್ಲಿ ಪಾಂಡಿತ್ಯ ತೋರಿಸುವ ಹಂಬಲ ಅವರಿಗಿರಲಿಲ್ಲ ಎಂಬುದು ನನ್ನ ಊಹೆ. ಮೊದಲ ದಿನಗಳಲ್ಲೇ ಹೀಗೆ ನೇರ ನಡೆ ಸಿಕ್ಕಿದ್ದು, ಲೂ ಅದನ್ನು ಇನ್ನಷ್ಟು ಒರಟಾಗಿಸಿದ್ದು, ಬ್ಯಾಂಡಿಗೆ ಒಳ್ಳೆಯದೇ ಆಯಿತು.

ರೊಸಾಲಿಯಾ ಅವರ ದನಿಯ ಬಗ್ಗೆ ಹೇಳುವಾಗ ಹಾಡುವುದು ಎಂಬ ಪದ ಪೂರ್ತಿ ಹೊಂದುವುದಿಲ್ಲ. ಅವರು ಹೇಳುತ್ತಾರೆ, ಆರೋಪಿಸುತ್ತಾರೆ, ಕೂಗುತ್ತಾರೆ. ಬ್ರೆಜಿಲ್‌ನ ಹೆಣ್ಣುದನಿಯಿಂದ ಲೋಕ ನಿರೀಕ್ಷಿಸುತ್ತಿದ್ದದ್ದು ಬೋಸಾ ನೋವಾದ ಪಿಸುಮಾತು, ಸಾಂಬಾದ ನಗು. ಅದು ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊದಲ ಆಲ್ಬಮ್‌ನಲ್ಲಿ 'ಪೊಲೀಸಿಯಾ' (ಪೊಲೀಸ್) ಎಂಬ ಹಾಡಿದೆ, ಚರ್ಚನ್ನು ನೇರವಾಗಿ ಕೆಣಕುವ 'ಸಾಂತಾ ಇಗ್ರೇಜಾ' (ಪವಿತ್ರ ಚರ್ಚು) ಇದೆ. ಇಲ್ಲಿ ಒಂದು ಹೋಲಿಕೆ ನೋಡುವಂಥದ್ದು. ಅದೇ 1986ರಲ್ಲಿ, ಅದೇ ನಗರದ ಟಿಟಾಂಸ್ ಎಂಬ ಎಂಟು ಗಂಡಸರ ಬ್ಯಾಂಡು ದೊಡ್ಡ ಕಂಪನಿಯಿಂದ 'ಕಬೆಸಾ ದಿನೊಸ್ಸಾವ್ರೊ' ಆಲ್ಬಮ್ ತಂದಿತು. ಅದರಲ್ಲೂ 'ಪೊಲೀಸಿಯಾ' ಇದೆ, 'ಇಗ್ರೇಜಾ' ಇದೆ. ಟಿಟಾಂಸ್‌ರದು ಬ್ರೆಜಿಲ್ ರಾಕ್‌ನ ದೊಡ್ಡ ಆಲ್ಬಮ್‌ಗಳಲ್ಲಿ ಒಂದು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ವ್ಯತ್ಯಾಸ ಕಿವಿಗೆ ಹೊಡೆಯುತ್ತದೆ. ಟಿಟಾಂಸ್‌ರ ಹಾಡು ಸಾವಿರಾರು ಜನ ಒಟ್ಟಿಗೆ ದನಿಗೂಡಿಸಲಿ ಎಂದು ಕಟ್ಟಿದ್ದು, ಅಗಲವಾದದ್ದು. ಆಸ್ ಮೆರ್ಸೆನಾರಿಯಾಸ್ ಹಾಡು ಎದುರಿಗೆ ನಿಂತವನ ಮುಖಕ್ಕೆ ಹೇಳಿದ್ದು.

ಚರ್ಚಿನ ವಿಷಯ ಇನ್ನೂ ಸೂಕ್ಷ್ಮ. ಆ ಕಾಲದ ಸಾವೊ ಪೌಲೊದಲ್ಲಿ ಕಾರ್ಡಿನಲ್ ಪಾವ್ಲೊ ಎವರಿಸ್ಟೊ ಆರ್ನ್ಸ್ ಅವರು ಸೈನಿಕ ಆಡಳಿತದ ಚಿತ್ರಹಿಂಸೆಗೆ ಸಿಕ್ಕವರ ಪರ ಗಟ್ಟಿಯಾಗಿ ನಿಂತಿದ್ದರು, ಮುಷ್ಕರ ಹೂಡಿದ ಕಾರ್ಮಿಕರಿಗೂ ಚರ್ಚು ಆಸರೆಯಾಗಿತ್ತು. ಹಾಗಾಗಿ ಎಡಪಂಥೀಯರಲ್ಲೂ ಚರ್ಚನ್ನು ಟೀಕಿಸಲು ಹಿಂಜರಿಕೆಯಿತ್ತು. ಹೆಣ್ಣಿನ ಮೈ, ಮದುವೆ, ಗರ್ಭಪಾತ ಎಂಬ ಮಾತು ಬಂದರೆ ಮಾತ್ರ ಅದೇ ಚರ್ಚು ಒಂದಿಷ್ಟೂ ಸಡಿಲಿಸುತ್ತಿರಲಿಲ್ಲ. ಬ್ರೆಜಿಲ್‌ನಲ್ಲಿ ವಿಚ್ಛೇದನ ಕಾನೂನುಬದ್ಧವಾದದ್ದೇ 1977ರಲ್ಲಿ. ಸೈನ್ಯದ ವಿರುದ್ಧ ಒಂದಾಗಿದ್ದ ಗೆಳೆಯರಿಗೂ ಇರುಸುಮುರುಸಾಗುವಂಥ ಹಾಡನ್ನು ನಾಲ್ವರು ಹುಡುಗಿಯರು ಹಾಡಿದರು ಎಂಬಲ್ಲಿ ಅವರ ಧೈರ್ಯದ ಅಳತೆ ಸಿಗುತ್ತದೆ.

ಕೂಗುವುದಕ್ಕೂ ಒಂದು ಕ್ರಮವಿದೆ. ಗಂಟಲಿನಿಂದ ಕೂಗಿದರೆ ಮೂರನೇ ಹಾಡಿಗೆ ದನಿ ಹೋಗುತ್ತದೆ. ಹೊಟ್ಟೆಯಿಂದ ಉಸಿರು ತಳ್ಳಿ, ಬಾಯಿ ಅಗಲಿಸಿ, ಸ್ವರಾಕ್ಷರಗಳ ಮೇಲೆ ಭಾರ ಹಾಕಬೇಕು. ಮೈಕಿನ ಜಾಲರಿ ಹಿಡಿದು ಮುಚ್ಚಿಕೊಳ್ಳುವುದು ನೋಡಲು ಚೆಂದ, ಕೇಳಲು ಕೆಟ್ಟದ್ದು. ಮೈಕು ಮುಂದಿನ ಸದ್ದನ್ನಷ್ಟೇ ಹಿಡಿಯುವುದು ಅದರ ಹಿಂಬದಿಯ ರಂಧ್ರಗಳಿಂದ. ಅವನ್ನು ಮುಚ್ಚಿದರೆ ಎಲ್ಲ ಕಡೆಯ ಸದ್ದೂ ಒಳಗೆ ಬಂದು ಸ್ಪೀಕರು ಸಿಳ್ಳೆ ಹೊಡೆಯುತ್ತದೆ. ಹಿಡಿಕೆಯನ್ನಷ್ಟೇ ಹಿಡಿಯಿರಿ, ತುಟಿಗೆ ಮೈಕಿಗೆ ಮೂರರಿಂದ ಐದು ಸೆಂಟಿಮೀಟರ್ ಅಂತರ ಇರಲಿ. ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರು ಮೈಕಿನ ಬೆನ್ನ ಕಡೆಗಿರಲಿ. ಎಲ್ಲರೂ ಸೇರಿ ಕೂಗುವ ಸಾಲುಗಳಿದ್ದರೆ ರೆಕಾರ್ಡಿಂಗ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೈಕ್ ಬೇಡ, ಒಂದೇ ಮೈಕಿನ ಸುತ್ತ ಒಂದು ಮೀಟರ್ ದೂರದಲ್ಲಿ ಮೂವರೂ ನಿಲ್ಲಲಿ. ಅವರ ನಡುವಿನ ಆ ಚೂರು ಹಿಂದುಮುಂದು ಇದೆಯಲ್ಲ, ಅದರಿಂದಲೇ ಮೂರು ದನಿ ಒಂದು ಗುಂಪಾಗುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಸರಿಪಡಿಸಲು ಹೋಗಬೇಡಿ.

ಹಾಡುಗಳು ಚಿಕ್ಕವು. ಇಡೀ ಮೊದಲ ಆಲ್ಬಮ್ ಅರ್ಧ ಗಂಟೆಯೂ ಇಲ್ಲ. ಗಿಟಾರ್ ಸೋಲೊ ಇಲ್ಲ, ಹೇಳುವುದು ಮುಗಿದ ತಕ್ಷಣ ಹಾಡೂ ಮುಗಿಯುತ್ತದೆ. ಇಂಥ ಹಾಡಿನಲ್ಲಿ ಬಲವಾದ ಏಟು ಯಾವುದೆಂದರೆ ನಿಲುಗಡೆ. ಎಲ್ಲರೂ ಒಟ್ಟಿಗೆ ನಿಂತು, ಎರಡು ಬಡಿತ ಸುಮ್ಮನಿದ್ದು, ಮತ್ತೆ ಒಟ್ಟಿಗೆ ಬೀಳುವುದು. ಹೇಳಲು ಸುಲಭ. ಬೇಸ್ ತಂತಿ ಮಿಡಿಯುತ್ತಲೇ ಇರುತ್ತದೆ, ಗಿಟಾರ್ ಆಂಪ್ ಕುಂಯ್ ಅನ್ನುತ್ತದೆ, ಸ್ನೇರ್‌ನ ಕೆಳಗಿನ ತಂತಿ ಬೇಸ್ ಸದ್ದಿಗೆ ಝಲ್ ಅನ್ನುತ್ತದೆ, ನಿಲುಗಡೆ ಕೊಳೆಯಾಗುತ್ತದೆ. ಬೇಸ್ ನುಡಿಸುವವರು ಎರಡೂ ಕೈಯಿಂದ ತಂತಿ ಅದುಮಬೇಕು. ಗಿಟಾರಿನವರು ಕಿರುಬೆರಳಿನಿಂದ ವಾಲ್ಯೂಮ್ ಗುಂಡಿ ಇಳಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಮತ್ತೆ ಬೀಳುವುದಕ್ಕೆ ಯಾರೂ ಕೋಲು ತಟ್ಟಿ ಎಣಿಸಕೂಡದು, ಒಬ್ಬರ ಭುಜ ನೋಡಿ ಇನ್ನೊಬ್ಬರು ಬೀಳಬೇಕು. ಇದಕ್ಕಾಗಿಯೇ ಅಭ್ಯಾಸದಲ್ಲಿ ಸಾಲಾಗಿ ನಿಲ್ಲದೆ ಎದುರುಬದುರು ನಿಲ್ಲಬೇಕು.

'ಕಡೇ ಆಸ್ ಅರ್ಮಾಸ್?' ಹೊರತಂದ ಬರಾಟೋಸ್ ಅಫಿನ್ಸ್ ಬಗ್ಗೆ ಒಂದಿಷ್ಟು. ಔಷಧಿ ಅಂಗಡಿಯ ವೃತ್ತಿಯಲ್ಲಿದ್ದ ಲೂಯಿಸ್ ಕಲಾಂಕಾ 1978ರಲ್ಲಿ ಸಾವೊ ಪೌಲೊ ನಡುಪೇಟೆಯ ಬಹುಮಹಡಿ ಮಳಿಗೆಯೊಂದರಲ್ಲಿ ರೆಕಾರ್ಡ್ ಅಂಗಡಿ ತೆರೆದರು. ಆ ಕಟ್ಟಡಕ್ಕೆ ಇವತ್ತು ಗಲೆರಿಯಾ ದೊ ರಾಕ್ ಎಂದೇ ಹೆಸರು. ಅಂಗಡಿಯ ಬೆನ್ನಿಗೇ ಅದೇ ಹೆಸರಿನ ರೆಕಾರ್ಡ್ ಕಂಪನಿ. ಮುಟಾಂಚಿಸ್ ಬ್ಯಾಂಡಿನ ಅರ್ನಾಲ್ಡೊ ಬಪ್ಟಿಸ್ಟಾ ಅವರ ಆಲ್ಬಮ್‌ನಿಂದ 1982ರಲ್ಲಿ ಶುರುವಾಗಿ, ನಗರದ ಪೋಸ್ಟ್-ಪಂಕ್ ತಂಡಗಳಿಗೆಲ್ಲ ಅದೇ ಮನೆಯಾಯಿತು. ಸಣ್ಣ ಕಂಪನಿ ಅಂದರೆ ಸ್ಟುಡಿಯೊ ಗಂಟೆ ಕಡಿಮೆ. ಕಡಿಮೆ ಗಂಟೆ ಅಂದರೆ ಎಲ್ಲರೂ ಒಟ್ಟಿಗೆ ನುಡಿಸಿ ಮುಗಿಸಬೇಕು. ಅದೇ ಹೊತ್ತಿಗೆ ದೊಡ್ಡ ಕಂಪನಿಗಳ ಬ್ರೆಜಿಲ್ ರಾಕ್ ಎತ್ತ ಸಾಗಿತ್ತು ಅನ್ನಲು ಆರ್‌ಪಿಎಂ ಬ್ಯಾಂಡ್ ಸಾಕು. ಬೆಲೆಗಳಿಗೆ ತಡೆ ಹಾಕಿದ ಕ್ರುಜಾದೊ ಯೋಜನೆಯಿಂದ ಜನರ ಕೈಯಲ್ಲಿ ಕಾಸಾಡಿದ ಅದೇ 1986ರಲ್ಲಿ ಅವರ ನೇರ ಪ್ರದರ್ಶನದ ಆಲ್ಬಮ್ ಇಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಸಿಂಥಸೈಜರ್, ಗುಹೆಯೊಳಗೆ ಬಾರಿಸಿದಂಥ ಸ್ನೇರ್, ಮಿರುಗುವ ಗಿಟಾರ್, ಇವು ಆ ಕಾಲದ ಚಲಾವಣೆಯ ದನಿ.

'ಟ್ರ್ಯಾಶ್‌ಲ್ಯಾಂಡ್' ಆ ದನಿಯ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಿತು. ಹಾಡುಗಳು ಬೆಳೆದಿವೆ, ಬೇಸ್ ಇನ್ನೂ ಚುರುಕು, ಸಾಹಿತ್ಯ ಇನ್ನೂ ಕಪ್ಪು. ಆದರೂ ನನ್ನ ಕಿವಿಗೆ ಮೊದಲನೆಯದೇ ಮೇಲು. ಕಾರಣ ಸರಳ. ವಾದ್ಯಗಳನ್ನು ಬೇರೆ ಬೇರೆ ಮಾಡಿ ನಯವಾಗಿಸಿ, ಸುತ್ತ ಪ್ರತಿಧ್ವನಿ ಹಾಕಿದಷ್ಟೂ, ಅವರು ಬಿಟ್ಟಿದ್ದ ಖಾಲಿ ಜಾಗ ತುಂಬಿಕೊಂಡುಬಿಡುತ್ತದೆ. ನಿಲುಗಡೆಯಲ್ಲಿ ಮೌನವಿರಬೇಕಾದ ಕಡೆ ಆ ಪ್ರತಿಧ್ವನಿಯ, ಅಂದರೆ ರಿವರ್ಬ್‌ನ, ಬಾಲ ಎಳೆದಾಡುತ್ತದೆ. ಮನೆಯಲ್ಲೋ ಸಣ್ಣ ಸ್ಟುಡಿಯೊದಲ್ಲೋ ರೆಕಾರ್ಡ್ ಮಾಡುವವರು ಇದನ್ನು ನೆನಪಿಟ್ಟರೆ ಎಂಟು ಟ್ರ್ಯಾಕ್ ಧಾರಾಳ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ಗೆ ಒಂದು ಮೈಕ್, ಸ್ನೇರ್‌ಗೆ ಒಂದು, ಡ್ರಮ್ಸ್ ಮೇಲೆ ಒಂದು, ಬೇಸ್‌ಗೆ ನೇರ ಕೇಬಲ್ ಒಂದು ಮತ್ತು ಆಂಪ್ ಮುಂದೆ ಮೈಕೊಂದು, ಗಿಟಾರಿಗೆ ಒಂದು, ದನಿಗೆ ಎರಡು. ಡ್ರಮ್ಸ್ ಮೈಕಿಗೆ ಗಿಟಾರ್ ಸೋರುತ್ತದೆ ಎಂದು ಗೋಡೆ ಕಟ್ಟಬೇಡಿ, ಆ ಸೋರಿಕೆಯೇ ನಾಲ್ವರೂ ಒಂದೇ ಕೋಣೆಯಲ್ಲಿದ್ದಾರೆ ಎಂದು ಕಿವಿಗೆ ಹೇಳುವುದು. ದನಿಗೆ ರಿವರ್ಬ್ ಬದಲು 100 ಮಿಲಿಸೆಕೆಂಡ್ ಆಸುಪಾಸಿನ ಒಂದೇ ಒಂದು ಮರುದನಿ ಸಾಕು.

ಎರಡನೇ ಆಲ್ಬಮ್ ನಂತರ ಬ್ಯಾಂಡು ಹೆಚ್ಚು ಕಾಲ ಉಳಿಯಲಿಲ್ಲ. 2005ರಲ್ಲಿ ಲಂಡನ್ನಿನ ಸೋಲ್ ಜಾಝ್ ಕಂಪನಿ ಅವರ ಹಾಡುಗಳನ್ನು ಒಟ್ಟುಗೂಡಿಸಿ ಹೊರತಂದಾಗ ಬ್ರೆಜಿಲ್‌ನ ಆಚೆಗೂ ಹೆಸರು ಹರಡಿತು. ಸಾಂಡ್ರಾ ಮುಂದೆ ಹೊಸ ಸಂಗಾತಿಗಳೊಂದಿಗೆ ಬ್ಯಾಂಡನ್ನು ಮತ್ತೆ ವೇದಿಕೆಗೆ ತಂದರು. ನಗರದಲ್ಲಿ ಎಳೆ ಕಡಿದಿಲ್ಲ. ರಕ್ತ ಎಂದೇ ಹೆಸರಿಟ್ಟುಕೊಂಡು 2011ರ ಸುಮಾರಿಗೆ ಸಾವೊ ಪೌಲೊದಲ್ಲಿ ಹುಟ್ಟಿದ ತಂಡ ಮೊದಲ ವರ್ಷಗಳಲ್ಲಿ ಪೂರ್ತಿ ಹೆಣ್ಣುಮಕ್ಕಳದೇ ಆಗಿತ್ತು. ಕಾರ್ಲಾ ಬೊರೆಗಾಸ್ ಬೇಸ್‌ನಲ್ಲಿ, ಪಾವ್ಲಾ ರೆಬೆಲ್ಲಾಟೊ ಕೀಬೋರ್ಡ್ ಮತ್ತು ದನಿಯಲ್ಲಿ. ಅವರಲ್ಲೂ ಬೇಸ್ ಮುಂದೆ, ಟಾಮ್‌ಗಳ ನಡೆ ಕೆಳಗೆ. ಆದರೆ ದನಿಯನ್ನು ಮರುದನಿ ಹುಟ್ಟಿಸುವ ಡಿಲೇ ಪೆಡಲಿನೊಳಗೆ ಕಳಿಸಿ, ಅದರ ಫೀಡ್‌ಬ್ಯಾಕ್ ಗುಂಡಿಯನ್ನು ಏರಿಸುತ್ತಾ ಮಾತು ಮಾತಾಗಿ ಉಳಿಯದೆ ಮಂತ್ರದಂತೆ ಸುತ್ತುವ ಹಾಗೆ ಮಾಡುತ್ತಾರೆ. ಮುಖಕ್ಕೆ ಹೇಳಿದಂಥ ಆಸ್ ಮೆರ್ಸೆನಾರಿಯಾಸ್ ಮಾತಿಗಿಂತ ಅದು ಬೇರೆ ದಾರಿ. ಈ ಪೆಡಲ್ ಬಳಸುವವರಿಗೆ ಒಂದು ಎಚ್ಚರಿಕೆ: ಗುಂಡಿ ಮುಕ್ಕಾಲು ಭಾಗ ದಾಟಿದರೆ ಮರುದನಿ ಇಳಿಯುವ ಬದಲು ಏರುತ್ತಾ ಹೋಗಿ ಸ್ಪೀಕರು ಕಿತ್ತುಹೋಗುವಷ್ಟು ಜೋರಾಗಬಹುದು. ಒಂದು ಕೈ ಸದಾ ಆ ಗುಂಡಿಯ ಮೇಲಿರಲಿ.

ಕೇಳಲು ಹೊರಟವರು 'ಕಡೇ ಆಸ್ ಅರ್ಮಾಸ್?' ಇಡಿಯಾಗಿ ಕೇಳಿ, ಹಾಡುಗಳನ್ನು ಹೆಕ್ಕಿ ಬೇಡ. ಮೊಬೈಲ್ ಸ್ಪೀಕರು ಸಾಲದು, ಹೆಡ್‌ಫೋನ್ ಆದರೂ ಇರಲಿ, ಈಕ್ವಲೈಜರಿನ ಬೇಸ್ ಬೂಸ್ಟ್ ಆಫ್ ಮಾಡಿ. ಮೊದಲ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಎರಡನೇ ಸಲ ಗಿಟಾರ್ ಎಲ್ಲೆಲ್ಲಿ ಸುಮ್ಮನಿದೆ ಎಂದು ನೋಡಿ. ಪೋರ್ಚುಗೀಸ್ ಬಾರದಿದ್ದರೂ ಮೂರನೇ ಸಲಕ್ಕೆ ಹಾಡಿನ ಸಾಹಿತ್ಯ ಎದುರಿಗಿಟ್ಟುಕೊಂಡು, ಯಾವ ಪದದ ಮೇಲೆ ಸ್ನೇರ್ ಬೀಳುತ್ತದೆ ಎಂಬುದನ್ನು ಗುರುತು ಹಾಕುತ್ತಾ ಹೋಗಿ. ನುಡಿಸುವ ಮನಸ್ಸಿದ್ದವರು ಅಲ್ಲಿಂದ ನೇರ ಬೇಸ್ ಎತ್ತಿಕೊಳ್ಳಬಹುದು.